ಸಿಲ್ವರ್ ಓಕ್‌ನಿಂದ ಪಾರದರ್ಶಕ ಮರ: ನಮ್ಮ ಲ್ಯಾಬಿನ ಅನುಭವ

ಪಾರದರ್ಶಕ ಮರ ಮಾಡಲು ಮುಂಬೈನ ನಮ್ಮ ಲ್ಯಾಬಿನಲ್ಲಿ ನಾನು ಆರಿಸಿಕೊಂಡಿದ್ದು ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುತ್ತಾರಲ್ವಾ, ಅದೇ. ಮರದಿಂದ ತೆಳುವಾಗಿ ಸೀಳಿದ ವಿನೀರ್ ಹಾಳೆ ಸಾಕು.

ಮರದಾಚೆ ಬೆಳಕು ಯಾಕೆ ದಾಟುವುದಿಲ್ಲ? ಮರದ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಅದನ್ನು ಹೀರಿಕೊಳ್ಳುತ್ತದೆ. ಜೊತೆಗೆ ಮರದ ಸಣ್ಣ ಸಣ್ಣ ನಳಿಕೆಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, 1; ನಳಿಕೆಗಳ ಗೋಡೆಯಲ್ಲಿರುವ ಸೆಲ್ಯುಲೋಸ್‌ನದು ಸುಮಾರು 1.53. ಗಾಳಿಯಿಂದ ಗೋಡೆಗೆ ಹೋದಾಗಲೆಲ್ಲ ಬೆಳಕು ಚೆದುರುತ್ತದೆ. ಗಾಳಿಯ ಜಾಗದಲ್ಲಿ ಸೂಚ್ಯಂಕ 1.49 ಇರುವ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ತುಂಬಿದರೆ ಚೆದುರುವುದು ಎಷ್ಟೋ ಕಡಿಮೆ. 2016ರಲ್ಲಿ ಸ್ಟಾಕ್‌ಹೋಮ್‌ನ ತಾಂತ್ರಿಕ ವಿಶ್ವವಿದ್ಯಾಲಯ ಕೆಟಿಎಚ್‌ನ ತಂಡ ಅಕ್ರಿಲಿಕ್ ತುಂಬಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಎಪಾಕ್ಸಿ ತುಂಬಿ ಮಾಡಿ ತೋರಿಸಿದ್ದು ಇದನ್ನೇ.

ಲಿಗ್ನಿನ್ ಪೂರ್ತಿ ತೆಗೆದರೆ ಒದ್ದೆ ಹಾಳೆಗೆ ಬಲವೇ ಇರುವುದಿಲ್ಲ. ಅದಕ್ಕೇ ಹೈಡ್ರೋಜನ್ ಪೆರಾಕ್ಸೈಡ್ ವಿಧಾನ ಹಿಡಿದೆ. ಸೋಡಿಯಂ ಸಿಲಿಕೇಟ್, ಕಾಸ್ಟಿಕ್ ಸೋಡಾ ಸೇರಿಸಿ 70 ಡಿಗ್ರಿಯಲ್ಲಿಟ್ಟರೆ ಬಣ್ಣ ಹೋಗುತ್ತದೆ, ಲಿಗ್ನಿನ್ ಬಹುಪಾಲು ಉಳಿಯುತ್ತದೆ. ಇದು ಸುಲಭದ ಭಾಗ.

ನಿಜವಾದ ಕೆಲಸ ನೀರು ಬಿಡಿಸುವುದು. ಹಾಳೆಯನ್ನು ಸುಮ್ನೆ ಒಣಗಿಸಿದರೆ, ನೀರು ಆರುವಾಗ ಒಳಗಿನ ನಾರುಗಳನ್ನು ಒಂದಕ್ಕೊಂದು ಎಳೆದು ಅಂಟಿಸಿಬಿಡುತ್ತದೆ. ಆಮೇಲೆ ಏನು ಹಾಕಿದರೂ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ನೀರಿನ ಜಾಗಕ್ಕೆ ಎಥನಾಲ್, ಎಥನಾಲ್ ಜಾಗಕ್ಕೆ ಅಸಿಟೋನ್. ನಡುವೆ ಹಾಳೆ ಒಮ್ಮೆಯೂ ಒಣಗಬಾರದು. ಮುಂಬೈ ಮಳೆಗಾಲದಲ್ಲಿ ತೆರೆದಿಟ್ಟ ಎಥನಾಲ್ ಗಾಳಿಯ ತೇವವನ್ನೇ ಕುಡಿಯುತ್ತದೆ. ಕೊನೆಯ ತೊಳೆತಕ್ಕೆ ಹೊಸ ಬಾಟಲಿಯೇ ಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಅವಸರ ಮಾಡಿದ ಹಾಳೆಯಲ್ಲಿ ಬಿಳಿ ಮಚ್ಚೆ ಉಳಿದೇ ಉಳಿಯುತ್ತದೆ.

ನಂತರ, ಗಟ್ಟಿಯಾದರೆ ಅಕ್ರಿಲಿಕ್ ಆಗುವ ದ್ರವ ಮೀಥೈಲ್ ಮೆಥಾಕ್ರಿಲೇಟನ್ನು ಸ್ವಲ್ಪ ಕಾಯಿಸಿ ಮಂದ ಮಾಡಿಕೊಂಡು, ಅದರಲ್ಲಿ ಮುಳುಗಿಸಿ ವ್ಯಾಕ್ಯೂಮ್ ಹಾಕುತ್ತೇವೆ. ಹಾಳೆಯ ಅಂಚಿನಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅವು ನಿಂತ ಮೇಲೆ ಗಾಳಿ ಒಳಬಿಡಬೇಕು. ದ್ರವ ಮರದೊಳಗೆ ನುಗ್ಗುವುದು ಆಗಲೇ. ಆಮೇಲೆ ಎರಡು ಗಾಜಿನ ನಡುವೆ ಇಟ್ಟು ಓವನ್‌ಗೆ.

ಗಟ್ಟಿಯಾದ ಹಾಳೆಯನ್ನು ಹುಬ್ಬಳ್ಳಿ ಕಡೆಯ ನಮ್ಮ ಜೂನಿಯರ್ ‘ಕರ್ನಾಟಕ ಮಲ್ಲ’ ಪತ್ರಿಕೆಯ ಮೇಲಿಟ್ಟ. “ಅಕ್ಕಾರ, ಅಕ್ಷರ ಕಾಣಾಕತ್ತಾವ ನೋಡ್ರಿ!” ಕಾಗದಕ್ಕೆ ತಾಗಿದ್ದಾಗ ಅಕ್ಷರ ಸ್ಪಷ್ಟ. ಎರಡು ಬೆರಳು ಮೇಲೆತ್ತಿದರೆ ಮಸುಕು. ಮೀಥೈಲ್ ಮೆಥಾಕ್ರಿಲೇಟ್ ಗಟ್ಟಿಯಾಗುವಾಗ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ. ನಳಿಕೆಗಳ ಗೋಡೆಯಿಂದ ಬಿಟ್ಟುಕೊಂಡು ಕಣ್ಣಿಗೆ ಕಾಣದ ಸಂದುಗಳಾಗುತ್ತವೆ, ಅಲ್ಲಿ ಬೆಳಕು ಚೆದುರುತ್ತದೆ. ಬೆಳಕನ್ನು ಹರಡುವ ಈ ಗುಣ ಸೋಲಾರ್ ಸೆಲ್‌ಗೆ ಲಾಭವೇ. ಆಚೆ ನೋಡುವ ಕಿಟಕಿಗೆ ಮಾತ್ರ ಆಗುವುದಿಲ್ಲ.

ಇನ್ನೊಂದು ನನ್ನನ್ನು ಕಾಡುತ್ತದೆ. ಮರ ಮಣ್ಣಿಗೆ ಸೇರುತ್ತದೆ, ಅಕ್ರಿಲಿಕ್ ಸೇರುವುದಿಲ್ಲ; ಅದಕ್ಕೆ ಪೆಟ್ರೋಲಿಯಂ ಬೇರೆ ಬೇಕು. 2021ರಲ್ಲಿ ಕೆಟಿಎಚ್ ತಂಡ ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಿಂದ ಸಿಗುವ ಲಿಮೊನೀನ್ ಎಂಬ ಎಣ್ಣೆಯಿಂದ ಅಕ್ರಿಲೇಟ್, ಅಂದರೆ ಅಕ್ರಿಲಿಕ್ ಬಗೆಯದೇ ದ್ರವ, ಮಾಡಿ ಮರಕ್ಕೆ ತುಂಬಿತು. ಪೆಟ್ರೋಲಿಯಂ ಆದರೂ ಬೇಕಿಲ್ಲ. ಸಿಲ್ವರ್ ಓಕ್‌ಗೆ ನಾವು ಮುಂದೆ ತುಂಬಲು ಹೊರಟಿರುವುದು ಅದನ್ನೇ.