ಐನ್‌ಮನೆಯ ಕೋಣೆ ಬಾಗಿಲಿಗೆ ಪರದೆ: ಎಷ್ಟು ಮರೆ, ಎಷ್ಟು ಕಾಣಬೇಕು

ಕೊಡವರ ಹಿರಿಯರ ಮನೆಯಾದ ಐನ್‌ಮನೆಗೆ ಪರದೆ ಬಟ್ಟೆ ಕೊಳ್ಳುವ ಮುಂಚೆ ಒಂದು ತೀರ್ಮಾನ ಆಗಲಿ: ಈ ಪರದೆ ಮುಚ್ಚುವುದಕ್ಕೋ, ಒಳಗೆ ಏನೋ ಇದೆ ಎಂದು ತಿಳಿಸುವುದಕ್ಕೋ? ಗರ್ಭಗುಡಿಗೆ ತೆರೆ ಎಳೆದಾಗಲೇ ಭಕ್ತರ ಕಣ್ಣು ಅಲ್ಲಿ ನೆಡುವುದು. ಯಕ್ಷಗಾನದಲ್ಲಿ ಇಬ್ಬರು ಹಿಡಿದ ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಕಾಲು ಇಷ್ಟೇ ಕಂಡರೂ ವೇಷ ಆಗಲೇ ರಂಗಕ್ಕೆ ಬಂದಾಗಿರುತ್ತದೆ. ಇಟಲಿಯ ಚಿತ್ರಕಾರ ರಫೇಲ್ 1512ರ ಸುಮಾರಿಗೆ ಬರೆದ ಸಿಸ್ಟೀನ್ ಮಡೋನಾ ಚಿತ್ರದಲ್ಲಿ ಹಸಿರು ಪರದೆ ಎರಡೂ ಕಡೆಗೆ ಸರಿದಿದೆ. ಆ ಸರಿದ ಬಟ್ಟೆಯಿಂದಲೇ ಮೋಡದ ಮೇಲಿನ ತಾಯಿ ಮಗು ಈಗತಾನೇ ಕಾಣಿಸಿಕೊಂಡಂತೆ ಅನಿಸುತ್ತದೆ.

ನೆಲ್ಲಕ್ಕಿಯ, ಅಂದರೆ ಐನ್‌ಮನೆಯ ನಡುಮನೆಯ, ತೂಗುದೀಪದ ಎದುರಿಗೆ ಮಾತ್ರ ಪರದೆ ಬೇಡ. ದೀಪ ಮರೆಯಾಗುವುದು ಸರಿಯಲ್ಲ, ಗಾಳಿಗೆ ಹಾರಿದ ಬಟ್ಟೆಗೆ ಬೆಂಕಿಯ ಭಯವೂ ಇದೆ. ಮಲಗುವ ಕೋಣೆಗಳ ಬಾಗಿಲಿಗೆ ಹಾಕಿ.

ಬಾಗಿಲು 3 ಅಡಿ ಅಗಲ, 7 ಅಡಿ ಎತ್ತರ ಎಂದುಕೊಳ್ಳಿ. ರಾಡ್ ಎರಡೂ ಕಡೆ ಅರ್ಧರ್ಧ ಅಡಿ ಹೆಚ್ಚಿರಲಿ, ಅಂದರೆ 4 ಅಡಿ. ಚೌಕಟ್ಟಿಗಿಂತ 4 ಇಂಚು ಮೇಲೆ ಕೂರಲಿ. ನೆರಿಗೆ ಬೀಳಬೇಕಾದರೆ ಬಟ್ಟೆಯ ಅಗಲ ರಾಡಿನ ಎರಡರಷ್ಟು ಬೇಕು: 48 ಇಂಚು ಪನ್ನದ (ಬಟ್ಟೆಯ ಅಗಲ) ಎರಡು ತುಂಡು. ಇದರಲ್ಲಿ ಜಿಪುಣತನ ಮಾಡಿದರೆ ಪರದೆ ಒಣಹಾಕಿದ ಬೆಡ್‌ಶೀಟಿನಂತೆ ಚಪ್ಪಟೆಯಾಗಿ ತೂಗುತ್ತದೆ. ನೆಲದಿಂದ 2 ಇಂಚು ಬಿಟ್ಟರೆ ಉದ್ದ 86 ಇಂಚು; ಮೇಲಿನ ಮಡಿಕೆಗೆ 6, ಕೆಳಗಿನದಕ್ಕೆ 4 ಸೇರಿ 96. ಹತ್ತಿ ಬಟ್ಟೆ ನೂರಕ್ಕೆ ಸುಮಾರು ಐದರಷ್ಟು ಕುಗ್ಗಬಹುದು. ಹಾಗಾಗಿ ಎರಡೂ ತುಂಡಿಗೆ ಒಟ್ಟು ಐದೂಕಾಲು ಮೀಟರ್ ತಂದು, ಮೊದಲು ಒಗೆದು, ಆಮೇಲೆ ಕತ್ತರಿಸಿ.

ಹಳೇ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಗಾರೆ ಸಮೇತ ಕಿತ್ತು ಬರುತ್ತದೆ. ಚೌಕಟ್ಟಿನ ಮೇಲಂಚಿಗೆ ಮರದ ಪಟ್ಟಿ ಬಿಗಿದು, ಬ್ರಾಕೆಟ್ಟನ್ನು ಅದಕ್ಕೇ ಕೂರಿಸಿ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯುವುದು ಬಟ್ಟೆ ಒದ್ದೆ ಗೋಡೆಗೆ ತಾಗುವ ಕಡೆಯಲ್ಲೇ, ಗಾಳಿಯಾಡದೆ. ರಾಡ್ ಗೋಡೆಯಿಂದ 3 ಇಂಚು ಮುಂದಿರಲಿ, ಲೈನಿಂಗ್ ಬೇಡ. ಹಗಲಲ್ಲಿ ಪರದೆಯನ್ನು ಒಂದು ಬದಿಗೆ ಸಡಿಲವಾಗಿ ಕಟ್ಟಿ. ಬಿಗಿದು ಕಟ್ಟಿದರೆ ನೆರಿಗೆಯೊಳಗೆ ತೇವ ಉಳಿಯುತ್ತದೆ. ಪರದೆ ತೂಗುಹಾಕುವ ಕಬ್ಬಿಣದ ಬಳೆಯ ತುಕ್ಕು ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕುವುದುಂಟು. ಆದರೆ ಜುಲೈಯಲ್ಲಿ ಬಿಸಿಲೆಲ್ಲಿ? ಮೊದಲೇ ಹಿತ್ತಾಳೆ ಬಳೆ ಹಾಕಿಬಿಡಿ.