ಮಳೆ ಇಳಿದ ಮೇಲೆ ಕೋಳಿಜುಟ್ಟು

ಚೌತಿಗೆ ಅಂಗಳದಲ್ಲಿ ಹೂ ಇರಲಿ ಎಂದು ಜೂನ್‌ನಲ್ಲಿ ಬಿತ್ತಿದ ಕೋಳಿಜುಟ್ಟು ಕಾರವಾರದ ಮಳೆಗೆ ಬುಡ ಕೊಳೆತು ಮಲಗುತ್ತದೆ. ದಂಟು ಸೊಪ್ಪಿನ ಕುಟುಂಬದ ಗಿಡ ಇದು. ಬಿಸಿಲು ಎಷ್ಟಿದ್ದರೂ ತಾಳುತ್ತದೆ, ಬುಡದಲ್ಲಿ ನಿಂತ ನೀರನ್ನಲ್ಲ. ಆಗಸ್ಟ್ ಕೊನೆಯ ವಾರ ಮಾಡಿನ ಕೆಳಗೆ ಬಿತ್ತಿದರೆ ಸೆಪ್ಟೆಂಬರ್ ಕೊನೆಗೆ ನೆಡಬಹುದು, ತುಳಸಿ ಮದುವೆಯ ಆಸುಪಾಸಿಗೆ ಹೂ. ಶಿರಸಿ ಕಡೆ ಚಳಿಗೆ ಬೀಜ ಮೊಳೆಯುವುದು ನಿಧಾನ. ಎರಡನೇ ಬೆಳೆಗೆ ಫೆಬ್ರವರಿ ಒಳ್ಳೆಯದು.

ಒಂದು ಗ್ರಾಂ ಬೀಜದಲ್ಲಿ ಸುಮಾರು ಸಾವಿರ ಕಾಳು, ಹಾಗಾಗಿ ಮನೆಗೆ ಒಂದು ಚಿಟಿಕೆ ಧಾರಾಳ. ತಳಕ್ಕೆ ತೂತು ಮಾಡಿದ ಅಡಿಕೆ ಹಾಳೆಯಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಜರಡಿ ಹಿಡಿದ ಗೊಬ್ಬರ ಸಮಪಾಲು ತುಂಬಿ. ಬೀಜವನ್ನು ಒಣ ಮರಳಿಗೆ ಬೆರೆಸಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಹಾರಿಸಿದರೆ ಸಾಕು. ಆಳಕ್ಕೆ ಹೋದದ್ದು ಮೇಲೆ ಬರುವುದಿಲ್ಲ. ನೀರು ಸ್ಪ್ರೇಯರ್‌ನಿಂದ ಮಾತ್ರ. ವಾರ, ಹತ್ತು ದಿನದಲ್ಲಿ ಮೊಳಕೆ. ಒತ್ತೊತ್ತಾಗಿದ್ದರೆ ಕಿತ್ತು ತೆಳುಗೊಳಿಸಿ, ಇಲ್ಲವಾದರೆ ಬುಡಕೊಳೆ ಒಂದೇ ರಾತ್ರಿಯಲ್ಲಿ ಸಾಲಾಗಿ ಮಲಗಿಸುತ್ತದೆ.

ಹೆಚ್ಚಿನವರು ಎಡವುವುದು ಇದರ ಮುಂದೆ. ನಾಲ್ಕರಿಂದ ಆರು ಎಲೆ ಬಂದ ಕೂಡಲೇ ನೆಡಬೇಕು. ಬೇರು ಇಕ್ಕಟ್ಟಾಗಿಯೋ ನೀರಿಲ್ಲದೆಯೋ ಸಸಿ ಸೊರಗಿದರೆ ಗೇಣುದ್ದದಲ್ಲೇ ಗುಂಡಿಯಷ್ಟು ಹೂ ಬಿಟ್ಟು ಬೆಳವಣಿಗೆ ನಿಲ್ಲಿಸುತ್ತದೆ, ಆಮೇಲೆ ಗೊಬ್ಬರ ಸುರಿದರೂ ಏಳದು. ನರ್ಸರಿಯಲ್ಲಿ ಆಗಲೇ ಹೂ ತೋರಿಸುವ ಪುಟ್ಟ ಸಸಿ ಕೊಳ್ಳಬಾರದು ಎನ್ನುವುದು ಇದಕ್ಕೇ.

ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ. ಮರಳು ಹೊಳೆಯದ್ದೇ ಆಗಲಿ, ಸಮುದ್ರದ ಉಪ್ಪು ಮರಳು ಬೇಡ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಕುಂಡಕ್ಕೊಂದು ಚಮಚ ಕೃಷಿ ಸುಣ್ಣ ಬೆರೆಸಿ. ಗಿಡ್ಡ ತಳಿಗೆ ಎಂಟು ಇಂಚಿನ ಕುಂಡ, ದೊಡ್ಡ ಜುಟ್ಟಿನ ತಳಿಗೆ ಹನ್ನೆರಡು. ನೆಲದಲ್ಲಾದರೆ ಏರುಮಡಿ ಮಾಡಿ ಗೇಣಿಗೊಂದು ಸಸಿ, ದೊಡ್ಡದಕ್ಕೆ ಅಡಿ ಅಂತರ, ಬುಡಕ್ಕೆ ತಗಲದಂತೆ ದರಕಿನ (ಒಣ ಎಲೆಯ) ಹೊದಿಕೆ. ಆರು ತಾಸು ನೇರ ಬಿಸಿಲು ಬೇಕೇ ಬೇಕು. ಅಡಿಕೆ ತೋಟದ ನೆರಳಲ್ಲಿ ಗಿಡ ಬರೀ ಉದ್ದವಾಗುತ್ತದೆ.

ಗರಿಯಂಥ ಹೂವಿನ ತಳಿಯ ತುದಿಯನ್ನು ಒಂದು ಗೇಣಾದಾಗ ಚಿವುಟಿ, ಕವಲು ಹೆಚ್ಚುತ್ತದೆ. ಜುಟ್ಟಿನ ತಳಿಗೆ ಚಿವುಟಲೇಬಾರದು. ನಡುವಿನ ಜುಟ್ಟೇ ಅದರ ಅಂದ, ಪಕ್ಕದ ಚಿಗುರು ತೆಗೆದರೆ ಅದು ಅಂಗೈಯಗಲ ಆಗುತ್ತದೆ. ಯೂರಿಯಾ ಹಾಕಿದರೆ ಸೊಪ್ಪು ಸಮೃದ್ಧ, ಹೂ ಬಡಕಲು. ನೀರು ಬುಡಕ್ಕೇ ಹಾಕಿ. ಜುಟ್ಟಿನ ಮಡಿಕೆಯಲ್ಲಿ ನೀರು ನಿಂತರೆ ಒಳಗಿಂದ ಕೊಳೆಯುತ್ತದೆ. ಮಾರ್ಚ್ ಹೊತ್ತಿಗೆ ಎಲೆ ಮೇಲೆ ಬಿಳಿ ಚುಕ್ಕೆ, ಅಡಿಯಲ್ಲಿ ಬಲೆ ಕಂಡರೆ ಅದು ನುಸಿ: ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಕದಡಲು ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಎಲೆಯಡಿಗೆ ಸಿಂಪಡಿಸಿ.

ಬೀಜಕ್ಕೆ ಹೂವಿನ ಕೆಳಭಾಗ ಒಣಗಿದಾಗ ಕಾಗದದ ಮೇಲೆ ಕೊಡವಿ, ಹೊಳೆಯುವ ಕರಿಕಾಳು ಉದುರುತ್ತದೆ. ಹಳದಿ, ಕೆಂಪು ಪಕ್ಕಪಕ್ಕ ಇದ್ದರೆ ಮುಂದಿನ ವರ್ಷ ಬಣ್ಣ ಬೆರೆತು ಬರಬಹುದು. ಹೈಬ್ರಿಡ್ ಬೀಜವಾದರೆ ಹೊಸ ಪೊಟ್ಟಣವನ್ನೇ ತರಬೇಕು.