ಅಮೆರಿಕದ ಲಾಂಗ್ ಡಿಸ್ಟೆನ್ಸ್ ಕರಾರು: ಸಣ್ಣ ಅಕ್ಷರ ಓದಿದ ನನ್ನ ಅನುಭವ

2001ರ ಬೇಸಿಗೆಯಲ್ಲಿ ಅಮೆರಿಕದ ಲಾಂಗ್ ಡಿಸ್ಟೆನ್ಸ್, ಅಂದರೆ ಊರಾಚೆಯ ಕರೆಗಳ, ಫೋನ್ ಕಂಪನಿಗಳು ಮನೆ ಗಿರಾಕಿಗಳಿಗೆಲ್ಲ ಒಂದೊಂದು ಕರಾರು ಕಳಿಸಿದವು. ಆಗ ಎಟಿ ಅಂಡ್ ಟಿ ಒಂದಕ್ಕೇ ಸುಮಾರು 6 ಕೋಟಿ ಗಿರಾಕಿಗಳಿದ್ದರು. ಯಾರೂ ಸಹಿ ಕೇಳಲಿಲ್ಲ. ಫೋನು ಬಳಸಿ ಬಿಲ್ಲು ಕಟ್ಟಿದರೆ ಒಪ್ಪಿದ ಹಾಗೇ ಲೆಕ್ಕ. ಬಹಳ ಜನ ಅದನ್ನು ಪಿಜ್ಜಾ ಕೂಪನ್ನುಗಳ ಜೊತೆ ಕಸಕ್ಕೆ ಹಾಕಿದರು. ನಾನು ಇಟ್ಟುಕೊಂಡೆ. ಕಾಗದ ಓದುವ ಚಟ ನನಗೆ ಮೊದಲಿಂದ ಇದೆ. ಅದೂ ಅಲ್ಲದೆ, ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಬಾಡಿಗೆ, ಕಾರಿನ ಕಂತು ಬಿಟ್ಟರೆ ಆಮೇಲಿನ ದೊಡ್ಡ ಖರ್ಚೇ ಹಾಸನಕ್ಕೆ ಮಾಡುವ ಫೋನು.

ಊರಿನಲ್ಲಿ ಆಗ ಫೋನು ಅಂದರೆ ಒಂದೇ ಇಲಾಖೆ. ಲೋಕಲ್ಲಿಗೂ ಅದೇ, ಎಸ್‌ಟಿಡಿಗೂ ಅದೇ. ಇಲ್ಲಿ ಹಾಗಿರಲಿಲ್ಲ. 1984ರ ಜನವರಿ 1ಕ್ಕೆ ಲೋಕಲ್, ಊರಾಚೆ ಎರಡನ್ನೂ ನಡೆಸುತ್ತಿದ್ದ ಎಟಿ ಅಂಡ್ ಟಿಯ ಹಳೇ ಬೆಲ್ ಸಾಮ್ರಾಜ್ಯ ಒಡೆದು ಹೋಳಾಯಿತು. ಮನೆಗೆ ತಂತಿ ಎಳೆಯುವ ಲೋಕಲ್ ಕಂಪನಿ ಬೇರೆ, ಊರಾಚೆ ಮಾತಾಡಿಸುವ ಕಂಪನಿ ಬೇರೆ. ಎಟಿ ಅಂಡ್ ಟಿ, ಎಂಸಿಐ, ಸ್ಪ್ರಿಂಟ್, ಆಮೇಲೆ ಸಣ್ಣಪುಟ್ಟವು ನೂರಾರು. ನೀವು ಆರಿಸಿದ ಕಂಪನಿಯ ಗುರುತು ಲೋಕಲ್ ಕಂಪನಿಯ ಎಕ್ಸ್‌ಚೇಂಜಿನಲ್ಲಿ ನಿಮ್ಮ ನಂಬರಿನ ಎದುರು ಕೂತಿರುತ್ತಿತ್ತು. ಅದಕ್ಕೆ 'ಪಿಕ್' ಅನ್ನುತ್ತಿದ್ದರು. 1-700-555-4141 ಒತ್ತಿದರೆ ಒಂದು ಧ್ವನಿ ಬಂದು ಆ ಲೈನಿಗೆ ಯಾವ ಲಾಂಗ್ ಡಿಸ್ಟೆನ್ಸ್ ಕಂಪನಿ ಅಂತ ಹೇಳುತ್ತಿತ್ತು. ದುಡ್ಡಿಲ್ಲ, ಕಾಯುವುದಿಲ್ಲ. ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ಕಲಿಸುತ್ತಿದ್ದದ್ದೇ ಈ ನಂಬರು.

ಹಾಗಾದರೆ 2001ರ ತನಕ ಕರಾರೇ ಇರಲಿಲ್ಲವಾ? ಇರಲಿಲ್ಲ. ಅದರ ಬದಲು 'ಟ್ಯಾರಿಫ್' ಇತ್ತು. ಕಂಪನಿಗಳು ತಮ್ಮ ದರ, ಷರತ್ತು ಎಲ್ಲವನ್ನೂ ವಾಷಿಂಗ್ಟನ್ನಿನಲ್ಲಿ ಎಫ್‌ಸಿಸಿ, ಅಂದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ಕಚೇರಿಯಲ್ಲಿ ಸಲ್ಲಿಸುತ್ತಿದ್ದವು. ಅಲ್ಲಿ ಸಲ್ಲಿಸಿದ ದರವೇ ದರ. ಸಂಜೆ ಊಟದ ಹೊತ್ತಿಗೆ ಫೋನ್ ಮಾಡುವ ಏಜೆಂಟ್ 'ಇಂಡಿಯಾಗೆ ಇಷ್ಟೇ ಸೆಂಟು ಸಾರ್' ಅಂತ ಆಣೆ ಮಾಡಿ ಹೇಳಿದರೂ, ಟ್ಯಾರಿಫಿನಲ್ಲಿ ಜಾಸ್ತಿ ಇದ್ದರೆ ಜಾಸ್ತಿಯನ್ನೇ ಕಟ್ಟಬೇಕು. ಕೋರ್ಟಿಗೆ ಹೋದರೂ ಅದೇ ಉತ್ತರ. ಈ ಪದ್ಧತಿ ಬೇಡ ಅಂತ ಎಫ್‌ಸಿಸಿ 1996ರಲ್ಲೇ ಆದೇಶ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು, 2000ದಲ್ಲಿ ಸೋತವು. ದೇಶದೊಳಗಿನ ಕರೆಗಳಿಗೆ 2001ರ ಜುಲೈ ಕೊನೆಗೆ ಟ್ಯಾರಿಫ್ ಕಾಲ ಮುಗಿಯಿತು. ನಮಗೆ ಬೇಕಾದ ಹೊರದೇಶದ ಕರೆಗಳಿಗೆ ಮುಗಿದದ್ದು 2002ರ ಜನವರಿಯಲ್ಲಿ. ಅಲ್ಲಿಂದ ಮುಂದೆ ಗಿರಾಕಿಗೂ ಕಂಪನಿಗೂ ನಡುವೆ ಇರುವುದು ಆ ಕರಾರು ಮಾತ್ರ.

ನಾನು ಓದಿದ ರೀತಿ ಹೇಳುತ್ತೇನೆ. ಮೊದಲು ದರ ಹುಡುಕಿದೆ. ಇಲ್ಲ! ಇಡೀ ಕಾಗದದಲ್ಲಿ ಇಂಡಿಯಾಗೆ ನಿಮಿಷಕ್ಕೆ ಎಷ್ಟು ಅಂತ ಎಲ್ಲೂ ಇಲ್ಲ. 'ದರಗಳು ನಮ್ಮ ಸರ್ವಿಸ್ ಗೈಡಿನಲ್ಲಿವೆ, ಗೈಡ್ ವೆಬ್‌ಸೈಟಿನಲ್ಲಿದೆ, ಅದೂ ಈ ಕರಾರಿನ ಭಾಗ' ಅಂತ ಒಂದು ಸಾಲು. ದರಗಳನ್ನು ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡಬೇಕು ಅಂತ ಎಫ್‌ಸಿಸಿಯೇ ಹೇಳಿತ್ತು, ಸರಿ. ಆದರೆ ವೆಬ್‌ಸೈಟಿನ ಪುಟ ಇವತ್ತು ಒಂದು ಥರ, ನಾಳೆ ಒಂದು ಥರ. ಹಾಗಾಗಿ ನನ್ನ ಪ್ಲಾನಿನ ಪುಟಗಳನ್ನು ಆಫೀಸಿನ ಪ್ರಿಂಟರಿನಲ್ಲಿ ತೆಗೆದೆ. ಮೂಲೆಯಲ್ಲಿ ತಾರೀಖು ತಾನಾಗೇ ಅಚ್ಚಾಗಿತ್ತು. ಬಿಲ್ಲು ಇಡುವ ಫೈಲಿಗೇ ಸೇರಿಸಿದೆ. ಹೆಂಡತಿ ನಕ್ಕಳು, 'ಪರೀಕ್ಷೆಗೆ ಓದ್ತಿದೀರಾ?' ಅಂತ.

ಆಮೇಲೆ ನಿಮಿಷ ಎಣಿಸುವ ಕ್ರಮ ನೋಡಿದೆ. ಕರೆ ಶುರುವಾಗುವುದು ಆ ಕಡೆ ರಿಸೀವರ್ ಎತ್ತಿದಾಗ. ಒಂದು ನಿಮಿಷದ ಮೇಲೆ ಒಂದು ಸೆಕೆಂಡ್ ಹೋದರೂ ಎರಡು ನಿಮಿಷ. ಇದರಲ್ಲೇನು ವಿಶೇಷ ಅನ್ನಿಸಬಹುದು. ಅಮ್ಮನ ಮನೆಗೆ ಫೋನು ಬರುವ ಮುಂಚೆ ನಮ್ಮದು ಪಿಪಿ ನಂಬರ್. ಪಕ್ಕದ ಮನೆಗೆ ಫೋನ್ ಮಾಡಿ, 'ಅಮ್ಮನ್ನ ಸ್ವಲ್ಪ ಕರೀತೀರಾ ಅಕ್ಕಾ, ಐದು ನಿಮಿಷ ಬಿಟ್ಟು ಮಾಡ್ತೀನಿ' ಅಂದು ಇಟ್ಟುಬಿಡಬೇಕು. ಒಂದು ನಿಮಿಷದೊಳಗೆ ಮುಗಿಯಬೇಕಾದ ಮಾತು. ಆದರೆ ಆ ಅಕ್ಕ ಬಿಡಬೇಕಲ್ಲ. 'ಯಾರು, ನೀನೇನಪ್ಪಾ? ಊಟ ಆಯ್ತಾ? ಅಲ್ಲೀಗ ರಾತ್ರಿ ಅಲ್ವಾ? ಪಾಪು ಹೇಗಿದೆ?' ಸ್ಯಾಟಲೈಟ್ ಲೈನಿನಲ್ಲಿ ನನ್ನ ಉತ್ತರ ಅವರಿಗೆ ಮುಟ್ಟುವ ಹೊತ್ತಿಗೆ ಅವರು ಮುಂದಿನ ಪ್ರಶ್ನೆ ಕೇಳಿಯಾಗಿರುತ್ತಿತ್ತು. ಬಿಲ್ಲಿನಲ್ಲಿ ಒಂದರ ಕೆಳಗೊಂದು ಎರಡು ಸಾಲು: ತಾರೀಖು, ಸಮಯ, 'ಇಂಡಿಯಾ', ನಂಬರು, ಆಮೇಲೆ ನಿಮಿಷ. ಮೊದಲ ಸಾಲಿನಲ್ಲಿ 1 ಇದ್ದರೆ ಅವತ್ತು ಅಕ್ಕ ಒಲೆ ಮೇಲೆ ಏನೋ ಇಟ್ಟು ಬಂದಿದ್ದರು ಅಂತ ಅರ್ಥ. 3 ಇದ್ದರೆ ಪಾಪುವಿನ ವಿಷಯ ಬಂದಿತ್ತು.

ಕರಾರಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆಯೇ ಒಂದು ಷರತ್ತು. ಪ್ಲಾನ್ ಇಲ್ಲದ ಲೈನಿಗೆ 'ಬೇಸಿಕ್ ದರ' ಹತ್ತುತ್ತದೆ ಅಂತ. ಗೈಡಿನಲ್ಲಿ ನೋಡಿದರೆ ಇಂಡಿಯಾಗೆ ಬೇಸಿಕ್ ದರ ಪ್ಲಾನ್ ದರದ ಹಲವು ಪಟ್ಟು. ತಿಂಗಳಿಗೆ ನಾಲ್ಕೈದು ಡಾಲರ್ ಕೊಟ್ಟು ಇಂಡಿಯಾ ಪ್ಲಾನಿನಲ್ಲಿದ್ದರೆ ಒಂದು ದರ. ಅದೇ ಕಂಪನಿ, ಅದೇ ತಂತಿ, ಪ್ಲಾನ್ ಮಾತ್ರ ಇಲ್ಲ, ಆಗ ಇನ್ನೊಂದು. ಮತ್ತೆ ಪ್ಲಾನ್ ಅಂಟಿಕೊಂಡಿರುವುದು ನಿಮ್ಮ ಹೆಸರಿಗಲ್ಲ, ನಂಬರಿಗೆ.

ಮುಂದೆ ನಾವು ಮನೆ ಬದಲಾಯಿಸಿದಾಗ ಸರಿಯಾಗಿ ಇದೇ ಆಯಿತು. ಹೊಸ ಮನೆ, ಹೊಸ ನಂಬರು. ಕರಾರು ಓದಿದ್ದರಿಂದ ನಾನು ಲೋಕಲ್ ಕಂಪನಿಗೆ ಹೇಳಿ ಸುಮ್ಮನಾಗಲಿಲ್ಲ, ಲಾಂಗ್ ಡಿಸ್ಟೆನ್ಸ್ ಕಂಪನಿಗೂ ಫೋನ್ ಮಾಡಿ ಪ್ಲಾನನ್ನು ಹೊಸ ನಂಬರಿಗೆ ಹಾಕಿಸಿದೆ. ಮಾತಾಡಿದವರ ಹೆಸರು, ತಾರೀಖು, ಅವರು ಕೊಟ್ಟ ಕನ್ಫರ್ಮೇಷನ್ ನಂಬರು, ಎಲ್ಲ ಕರಾರಿನ ರಕ್ಷಾಪುಟದ ಮೇಲೇ ಬರೆದಿಟ್ಟೆ. ಆದರೂ ಮೊದಲ ಬಿಲ್ಲು ಬಂದಾಗ ಹಾಸನದ ಕರೆಗಳೆಲ್ಲ ಬೇಸಿಕ್ ದರದಲ್ಲಿ. ತಮಾಷೆ ಅಂದರೆ ಪ್ಲಾನಿನ ತಿಂಗಳ ಫೀ ಕೂಡ ಹಾಕಿದ್ದರು, ಹಳೇ ನಂಬರಿನ ಹೆಸರಲ್ಲಿ!

ಗಿರಾಕಿ ಸೇವೆಯವರ ಹತ್ತಿರ ಜಗಳ ಆಡುವುದರಲ್ಲಿ ಅರ್ಥವಿಲ್ಲ ಅಂತ ಮೊದಲೇ ಗೊತ್ತಿತ್ತು. ಅವರ ಮುಂದೆ ಇರುವುದು ಒಂದು ಸ್ಕ್ರೀನು, ಅದು ತೋರಿಸಿದ್ದನ್ನು ಓದುತ್ತಾರೆ. 'ನಿಮ್ಮ ಬಿಲ್ ಜಾಸ್ತಿ ಬಂದಿದೆ' ಅಂದರೆ ಅವರು ಮುಂದಿನ ತಿಂಗಳಿಗೆ ಬೇರೆ ಪ್ಲಾನ್ ಮಾರುತ್ತಾರೆ. ಕೇಳಬೇಕಾದ ಮಾತು 'ರೀರೇಟ್'. ಈ ಕರೆಗಳನ್ನು ಇಂಥ ಪ್ಲಾನಿನ ದರಕ್ಕೆ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸವನ್ನು ಕ್ರೆಡಿಟ್ ಕೊಡಿ, ಅಷ್ಟೇ. ಮೊದಲ ಹುಡುಗಿ ಆಗಲ್ಲ ಅಂದಳು. ಕರಾರಿನಲ್ಲಿ 'ಇದೇ ಪೂರ್ತಿ ಒಪ್ಪಂದ, ನಮ್ಮ ಪ್ರತಿನಿಧಿಗಳ ಬಾಯಿಮಾತು ಲೆಕ್ಕಕ್ಕಿಲ್ಲ' ಅನ್ನುವ ಅರ್ಥದ ಸಾಲಿತ್ತು. ಅದನ್ನೇ ಹಿಡಿದಳು. ನಾನೂ ಅದನ್ನೇ ಹಿಡಿದೆ. ನಾನು ಬಾಯಿಮಾತು ಹೇಳುತ್ತಿಲ್ಲ, ನಿಮ್ಮ ಗೈಡಿನ ಇಂಥ ತಾರೀಖಿನ ಪುಟ ಓದುತ್ತಿದ್ದೇನೆ, ಅದು ಕರಾರಿನ ಭಾಗ ಅಂತ ನೀವೇ ಬರೆದಿದ್ದೀರಿ. ಫೀ ತೆಗೆದುಕೊಂಡ ಮೇಲೆ ದರವನ್ನೂ ಕೊಡಬೇಕಲ್ವಾ? ಅವಳು ಮೇಲಿನವರಿಗೆ ಕೊಟ್ಟಳು.

ಫೋನಿನಲ್ಲಿ ಒಪ್ಪಿಕೊಂಡರು, ಆದರೆ ಫೋನಿಗೆ ನಾನು ನಿಲ್ಲಲಿಲ್ಲ. ಅವತ್ತೇ ಒಂದು ಪುಟದ ಕಾಗದ ಬರೆದೆ. ಯಾವ ಕರೆಗಳು, ಹಾಕಿದ್ದೆಷ್ಟು, ಆಗಬೇಕಾದ್ದೆಷ್ಟು, ವ್ಯತ್ಯಾಸ ಎಷ್ಟು. ಬಿಲ್ಲಿನ ಪುಟದ ಜೆರಾಕ್ಸು, ಗೈಡಿನ ಪುಟದ ಜೆರಾಕ್ಸು. ತಕರಾರಿಲ್ಲದ ಮೊತ್ತಕ್ಕೆ ಚೆಕ್ ಇಟ್ಟೆ. ಇದು ಮುಖ್ಯ. ಪೂರ್ತಿ ನಿಲ್ಲಿಸಿದರೆ ಬಡ್ಡಿ ಹಾಕಲು, ಸರ್ವಿಸ್ ಕಡಿಯಲು ಅವರಿಗೆ ದಾರಿ ಸಿಗುತ್ತದೆ. ಕಟ್ಟಬೇಕಾದ್ದನ್ನು ಕಟ್ಟಿ ಉಳಿದದ್ದಕ್ಕೆ ತಕರಾರು ಹಾಕಿದರೆ ನಮ್ಮ ಮಾತಿಗೆ ಬೆಲೆ. ಒಂದು ಎಚ್ಚರಿಕೆ: ದೂರಿನ ವಿಳಾಸ ಬೇರೆ, ಚೆಕ್ ಕಳಿಸುವ ವಿಳಾಸ ಬೇರೆ. ಚೆಕ್ಕಿನ ಲಕೋಟೆಯನ್ನು ಬಿಚ್ಚುವುದು ಮೆಷಿನ್ನು. ಅಲ್ಲಿಗೆ ಹೋದ ಕಾಗದವನ್ನು ಯಾರೂ ಓದುವುದಿಲ್ಲ. ದೂರಿನ ವಿಳಾಸ ಬಿಲ್ಲಿನ ಹಿಂದೆ, ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಇರುತ್ತಿತ್ತು. ಮುಂದಿನ ಬಿಲ್ಲಿನಲ್ಲಿ ಪೂರ್ತಿ ಕ್ರೆಡಿಟ್ ಬಂತು. ಹಳೇ ನಂಬರಿನ ಫೀ ನಿಲ್ಲಿಸಲು ಮಾತ್ರ ಇನ್ನೊಂದು ಸುತ್ತು ಆಗಬೇಕಾಯಿತು.

ಸುದ್ದಿ ಹರಡಿತು. ನಮ್ಮ ಕನ್ನಡ ಕೂಟದಲ್ಲಿ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದರೂ ಯಾರಾದರೂ ಜೇಬಿನಿಂದ ಬಿಲ್ಲು ತೆಗೆದು 'ಸ್ವಲ್ಪ ನೋಡ್ರಿ' ಅನ್ನುವವರು. ಹೆಚ್ಚಾಗಿ ಬರುತ್ತಿದ್ದದ್ದು 'ಸ್ಲ್ಯಾಮಿಂಗ್' ಕೇಸುಗಳು. ಅಂದರೆ ನಿಮ್ಮನ್ನು ಕೇಳದೆ ನಿಮ್ಮ ಲೈನನ್ನು ಇನ್ನೊಂದು ಕಂಪನಿಗೆ ತಿರುಗಿಸಿಬಿಡುವುದು. ಕೇಳಿಯೂ ಕೇಳದ ಹಾಗೆ ಮಾಡುವ ಜಾಣತನವೂ ಇತ್ತು. ಅಂಚೆಯಲ್ಲಿ ನಿಜವಾದ ಚೆಕ್ಕೇ ಬರುತ್ತಿತ್ತು, 50 ಡಾಲರೋ 100 ಡಾಲರೋ. ಹಿಂದೆ ಸಹಿ ಮಾಡಿ ಬ್ಯಾಂಕಿಗೆ ಹಾಕಿದರೆ ಆ ಸಹಿಯೇ ಕಂಪನಿ ಬದಲಾಯಿಸಲು ಒಪ್ಪಿಗೆ. ಅದು ಮೋಸ ಅಲ್ಲ, ಚೆಕ್ಕಿನ ಮೇಲೇ ಅಚ್ಚಾಗಿರುತ್ತಿತ್ತು. ಕೆಲವರು ಗೊತ್ತಿದ್ದೇ ಚೆಕ್ ಹಾಕಿ, ವರ್ಷವಿಡೀ ಕಂಪನಿಯಿಂದ ಕಂಪನಿಗೆ ಹಾರುತ್ತಾ ದುಡ್ಡು ಮಾಡಿಕೊಂಡರು. ಅವರ ಬಗ್ಗೆ ನನಗೆ ಒಳಗೊಳಗೇ ಮೆಚ್ಚುಗೆ. ಆದರೆ ನಿಜವಾಗಿ ಸ್ಲ್ಯಾಮ್ ಆದವರಿಗೆ ಎಫ್‌ಸಿಸಿ ನಿಯಮ ಗಟ್ಟಿಯಾಗಿತ್ತು. ಬಿಲ್ಲು ಇನ್ನೂ ಕಟ್ಟಿಲ್ಲದಿದ್ದರೆ ಬದಲಾದ ಮೊದಲ 30 ದಿನದ ಕರೆಗಳಿಗೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ಕಟ್ಟಿಬಿಟ್ಟಿದ್ದರೆ, ಕದ್ದ ಕಂಪನಿ ಅದರ ಒಂದೂವರೆ ಪಟ್ಟು ನಮ್ಮ ಹಳೇ ಕಂಪನಿಗೆ ಕೊಡಬೇಕು, ಅದರಿಂದ ನಾವು ಕಟ್ಟಿದ್ದರ ಅರ್ಧ ನಮಗೆ ವಾಪಸ್. ಅದಕ್ಕೇ ನಾನು ಎಲ್ಲರಿಗೂ ಕೇಳುತ್ತಿದ್ದ ಮೊದಲ ಪ್ರಶ್ನೆ 'ಕಟ್ಟಿಬಿಟ್ರಾ?' ಎರಡನೇದು, ಲೋಕಲ್ ಕಂಪನಿಗೆ ಹೇಳಿ 'ಪಿಕ್ ಫ್ರೀಜ್' ಹಾಕಿಸಿದ್ದೀರಾ? ಅದು ಹಾಕಿದ್ದರೆ ನೀವೇ ಹೇಳದ ಹೊರತು ಲೈನು ಅಲುಗುವುದಿಲ್ಲ.

ಕರಾರಿನ ಕೊನೆ ಭಾಗದ ಬಗ್ಗೆ ಒಂದು ಮಾತು. ಜಗಳ ಬಂದರೆ ಕೋರ್ಟಿಗೆ ಹೋಗುವ ಹಾಗಿಲ್ಲ, ಆರ್ಬಿಟ್ರೇಷನ್ನಿಗೇ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಪಿಗೆ) ಹೋಗಬೇಕು, ಬೇರೆ ಗಿರಾಕಿಗಳ ಜೊತೆ ಸೇರಿ ದಾವೆ ಹೂಡುವ ಹಾಗಿಲ್ಲ ಅಂತ ಇತ್ತು. ಸಣ್ಣ ಮೊತ್ತಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟಿನ ಬಾಗಿಲು ಮಾತ್ರ ತೆರೆದಿತ್ತು. ನಾನು ಅದನ್ನು ಓದಿ ಗುರುತು ಹಾಕಿಕೊಂಡೆ, ಬಳಸುವ ಪ್ರಸಂಗ ಬರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಗಿರಾಕಿ ಎಟಿ ಅಂಡ್ ಟಿ ಮೇಲೆ ಇದೇ ವಿಷಯಕ್ಕೆ ಕೇಸು ಹಾಕಿ ಗೆದ್ದರು. 2003ರಲ್ಲಿ ಮೇಲ್ಮನವಿ ಕೋರ್ಟು ಕೂಡ ಆ ರಾಜ್ಯದ ಕಾನೂನಿನ ಪ್ರಕಾರ ಒಟ್ಟು ದಾವೆ ತಡೆಯುವಂಥ ಷರತ್ತುಗಳು ನ್ಯಾಯವಲ್ಲ ಅಂದಿತು. ಆ ಕೇಸಿನಲ್ಲಿ ಹೊರಬಿದ್ದ ಒಂದು ವಿಷಯ ನನಗೆ ಮರೆಯುವುದಿಲ್ಲ. ಕರಾರಿನ ಜೊತೆಗಿದ್ದ ಪತ್ರದಲ್ಲಿ 'ನೀವು ಏನೂ ಮಾಡಬೇಕಾಗಿಲ್ಲ' ಅಂತ ಬರೆದಿದ್ದರು. ಆ ಸಾಲು ನೋಡಿದ ಕೂಡಲೇ ಹೆಚ್ಚಿನವರು ಓದುವುದನ್ನು ನಿಲ್ಲಿಸಿ ಕಾಗದ ಎಸೆಯುತ್ತಾರೆ ಅಂತ ಕಂಪನಿಯ ಸ್ವಂತ ಸಮೀಕ್ಷೆಯೇ ಮೊದಲೇ ಹೇಳಿತ್ತಂತೆ. ಮುಂದೆ 2011ರಲ್ಲಿ ಮೊಬೈಲ್ ಗಿರಾಕಿಗಳ ಇಂಥದೇ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ಗೆದ್ದದ್ದು ಕಂಪನಿ.

2002ರ ಏಪ್ರಿಲ್‌ನಲ್ಲಿ ಇಂಡಿಯಾದ ಕಡೆ ಹೊರದೇಶದ ಕರೆಗಳನ್ನು ನೋಡಿಕೊಳ್ಳುತ್ತಿದ್ದ ವಿಎಸ್‌ಎನ್‌ಎಲ್ ಕಂಪನಿಯ ಏಕಸ್ವಾಮ್ಯ ಮುಗಿಯಿತು, ದರ ಇಳಿಯುತ್ತಾ ಬಂತು. ಇಂಟರ್‌ನೆಟ್ ಫೋನುಗಳು ಬಂದ ಮೇಲೆ ನಾವೂ ಲಾಂಗ್ ಡಿಸ್ಟೆನ್ಸ್ ಬಿಟ್ಟೆವು. ಬಿಡುವಾಗಲೂ ಎರಡೂ ಕಡೆ ಹೇಳಬೇಕಿತ್ತು. ಲಾಂಗ್ ಡಿಸ್ಟೆನ್ಸ್ ಕಂಪನಿಗೆ ಮಾತ್ರ ಹೇಳಿದರೆ ಲೋಕಲ್ ಎಕ್ಸ್‌ಚೇಂಜಿನಲ್ಲಿ ಅವರ ಹೆಸರು ಹಾಗೇ ಉಳಿದು, ಮನೆಗೆ ಬಂದ ನೆಂಟರು ಒಂದು ಕರೆ ಮಾಡಿದರೂ ಬೇಸಿಕ್ ದರ ಬೀಳುತ್ತದೆ. ಲೋಕಲ್ ಕಂಪನಿಗೆ ಮಾತ್ರ ಹೇಳಿದರೆ ತಿಂಗಳ ಫೀ ಬರುತ್ತಲೇ ಇರುತ್ತದೆ. ನಾನು ಲೋಕಲ್ ಕಂಪನಿಗೆ 'ನೋ ಪಿಕ್', ಅಂದರೆ ಯಾವ ಲಾಂಗ್ ಡಿಸ್ಟೆನ್ಸ್ ಕಂಪನಿಯೂ ಬೇಡ ಅಂತ, ಹಾಕಲು ಹೇಳಿ, 700ರ ನಂಬರ್ ಒತ್ತಿ ನೋಡಿ, ಆಮೇಲೆ ಕೊನೇ ಬಿಲ್ಲು ಕೇಳಿದೆ.

ಹಳೇ ಬಿಲ್ಲುಗಳನ್ನು ಇಟ್ಟುಕೊಂಡಿದ್ದಕ್ಕೆ ಇನ್ನೊಂದು ಲಾಭ ಆಗಿತ್ತು. ಪ್ರತಿ ಬಿಲ್ಲಿನಲ್ಲೂ ಶೇ. 3ರ ಫೆಡರಲ್ ಎಕ್ಸೈಸ್ ತೆರಿಗೆ ಇರುತ್ತಿತ್ತು. ಸ್ಪೇನ್ ಜೊತೆಗಿನ ಯುದ್ಧಕ್ಕೆ ಅಂತ 1898ರಲ್ಲಿ ಶುರುವಾದದ್ದು. ಕೋರ್ಟುಗಳಲ್ಲಿ ಸರ್ಕಾರ ಸೋತ ಮೇಲೆ, 2006ರಲ್ಲಿ ಅದನ್ನು ಲಾಂಗ್ ಡಿಸ್ಟೆನ್ಸಿನ ಮೇಲೆ ನಿಲ್ಲಿಸಿ, 2003ರ ಫೆಬ್ರವರಿ ಕೊನೆಯಿಂದ 2006ರ ಜುಲೈ ಕೊನೆಯ ತನಕ ಕಟ್ಟಿದ್ದನ್ನು ಆ ವರ್ಷದ ಆದಾಯ ತೆರಿಗೆ ರಿಟರ್ನಿನಲ್ಲಿ ವಾಪಸ್ ಕೊಟ್ಟರು. ಬಿಲ್ಲು ಇಲ್ಲದವರಿಗೆ ಮನೆಮಂದಿ ಎಷ್ಟು ಅನ್ನುವುದರ ಮೇಲೆ 30ರಿಂದ 60 ಡಾಲರ್. ಬಿಲ್ಲು ಇದ್ದವರು ಫಾರ್ಮ್ 8913 ತುಂಬಿ ನಿಜವಾಗಿ ಕಟ್ಟಿದ್ದನ್ನು ಕೇಳಬಹುದಿತ್ತು. ಒಂದು ಭಾನುವಾರ ಕೂತು ಕೂಡಿದೆ. ಹಾಸನಕ್ಕೆ ನಾವು ಆಡಿದ ಮಾತಿಗೆ ಆ 60 ಎಲ್ಲಿ ಸಾಕು? ನಾನು 8913ನ್ನೇ ತುಂಬಿದೆ.